ಹಾಲವ್ವ ಕಂಬಳಿ ಕೊಡವಿದ್ದು

ಮತ್ತೆ ಅಡ್ಡಬಾಯಿ! ಕತೆಯಲ್ಲಿ ರಾಜ ಇನ್ನೂ ಸಿಂಹಾಸನದ ಮೇಲೆ ಕೂತಿಲ್ಲ, ಆಗಲೇ ನಿನಗೆ ನೀರು ಬೇಕು, ಉಚ್ಚೆಗೆ ಹೋಗಬೇಕು, ರಾಜನ ಕುದುರೆ ಯಾವ ಬಣ್ಣ ಅಂತ ಗೊತ್ತಾಗಬೇಕು. ಈ ಕತೆಯಲ್ಲಿ ಕುದುರೆ ಇಲ್ಲ. ಕುರಿ ಇದೆ. ಬಾಯಿ ಮುಚ್ಚಿಕೊಂಡು ಕೇಳು, ತನು.

ಗುಡ್ಡಗಳು ಒಂದರ ಜೊತೆ ಒಂದು ಮಾತಾಡುತ್ತಿದ್ದ ಕಾಲದಲ್ಲಿ ಹೊನ್ನಗಾವಲು ಅಂತ ಒಂದು ರಾಜ್ಯವಿತ್ತು. ಕಣ್ಣು ಹಾಯುವವರೆಗೂ ಹುಲ್ಲು, ಆ ಹುಲ್ಲುಬಯಲಿಗೇ ಕಾವಲು ಅಂತ ಹೆಸರು. ಹುಲ್ಲಿನ ನಡುವೆ ಅಲ್ಲೊಂದು ಬೋರೆ ಪೊದೆ, ಇಲ್ಲೊಂದು ಕವಳೆ ಪೊದೆ, ಹಳದಿ ಹೂವಿನ ತಂಗಡಿ. ಮಳೆ ಬಂದರೆ ಕಾವಲೆಲ್ಲ ಹಸಿರು, ಮಳೆ ಹೋದರೆ ಹೊನ್ನಿನ ಬಣ್ಣ. ಅಲ್ಲಿಯ ಕುರುಬರಲ್ಲಿ ಒಂದು ಕಟ್ಟಳೆ ಇತ್ತು. ಹುಲ್ಲಿನ ಬೀಜಕ್ಕೆ ಸೂಜಿಯಂಥ ಊಬು ಇರುತ್ತದಲ್ಲ, ಅದು ಕಂಬಳಿಗೆ ಚುಚ್ಚಿಕೊಂಡರೆ ಮನೆಯಲ್ಲಿ ಕಿತ್ತು ಒಲೆಗೆ ಹಾಕಬಾರದು. ಕಾವಲಿನದು ಕಾವಲಿಗೆ. ಅಲ್ಲೇ ಹೋಗಿ ಕೊಡವಬೇಕು.

ಒಂದು ಬೇಸಿಗೆಯಲ್ಲಿ ಪಕ್ಕದ ರಾಜ್ಯದ ಅರಸ ನೆಂಟನಾಗಿ ಬಂದ. ಕಿರೀಟ ತೆಗೆದು ತಲೆ ಸವರಿಕೊಂಡು, “ಏನಯ್ಯಾ, ನಿನ್ನ ರಾಜ್ಯ ನನ್ನ ತಲೆಯ ಹಾಗೇ ಬೋಳಾಗಿದೆ!” ಅಂತ ನಕ್ಕ. ಹೊನ್ನಗಾವಲಿನ ರಾಜ ಚಂದ್ರಭೂಪನಿಗೆ ಅನ್ನ ಇಳಿಯಲಿಲ್ಲ. ಹಸುರುಮಲ್ಲ ಅನ್ನುವ ಮಾಯಕಾರನನ್ನು ಕರೆಸಿ, ಕಾವಲಿನ ಬೋಳು ನೆಲದ ತುಂಬ ಮರ ಬೆಳೆಸು ಅಂದ.

“ಆ ನೆಲದಲ್ಲಿ ಏನೇನಿದೆ, ಮಹಾರಾಜ?”

“ಏನೂ ಇಲ್ಲ. ಖಾಲಿ.”

“ಆ ಮಾತೊಂದು ಸಾಕು” ಅಂದ ಹಸುರುಮಲ್ಲ. ರಾಜನ ಮಾತನ್ನೇ ಅಂಗೈಯಲ್ಲಿ ಹಿಡಿದು ಊದಿದ. ಬೆಳಗಾಗುವುದರೊಳಗೆ ಕಾವಲೆಲ್ಲ ಕಾಡು. ಎಲ್ಲ ಒಂದೇ ಜಾತಿಯ ಮರ, ಒಂದೇ ಎತ್ತರ. ಎಲೆ ಉದುರದು, ಹಕ್ಕಿ ಕೂರದು. ರಾಜ ಕುಣಿದಾಡಿದ. ಮರದ ಕೆಳಗೆ ಒಂದು ಎಸಳು ಹುಲ್ಲೂ ಹುಟ್ಟಲಿಲ್ಲ. ಕೃಷ್ಣಮೃಗಗಳು ನಿಂತಲ್ಲೇ ಕಲ್ಲಾದವು. ಕುರಿಗಳು ಆ ಎಲೆ ಮೂಸಿ ಮುಖ ತಿರುಗಿಸಿದವು. ಅವುಗಳ ಪಕ್ಕೆಲುಬು ಎಣಿಸುವ ಹಾಗಾಯಿತು.

ಸಿದ್ದಣ್ಣ ಅನ್ನುವ ಕುರುಬ ಅರಮನೆಗೆ ಓಡಿದ. “ಕಾವಲು ಖಾಲಿ ಇರಲಿಲ್ಲ, ಬುದ್ಧೀ!”

“ಹಾಗಾದರೆ ಸಾಕ್ಷಿ ತಾ” ಅಂದ ಹಸುರುಮಲ್ಲ. “ಮೂರು ಸಲ ತೋರಿಸಬಹುದು. ಒಂದಾದರೂ ನನ್ನ ಉಸಿರಿಗೆ ಎದುರು ನಿಂತರೆ ನನ್ನ ಕಾಡು ಹೋಗುತ್ತದೆ. ನಿಲ್ಲದಿದ್ದರೆ ನೀನೂ ಒಂದು ಮರ.”

ಸಿದ್ದಣ್ಣನ ಬಳಿ ಬಾಯಿಮಾತು ಬಿಟ್ಟು ಬೇರೇನೂ ಇರಲಿಲ್ಲ. ಅರಮನೆಯ ಅಂಗಳದಲ್ಲೇ ಮರವಾಗಿ ನಿಂತ.

ಅವನ ಹೆಂಡತಿ ಹಾಲವ್ವ ಸುದ್ದಿ ಕೇಳಿ, “ಬರಿಗೈಯಲ್ಲಿ ಸಾಕ್ಷಿ ಹೇಳೋಕೆ ಹೋದನಲ್ಲ, ಇವನ ಬುದ್ಧಿಗೆ ಬೆಂಕಿ ಬೀಳ!” ಅಂತ ಬೈದಳು. ಬೈದು ಅತ್ತಳು. ಅತ್ತು ಕಂಬಳಿ ಹೊದ್ದು ಹೊರಟಳು.

ಬಂಡೆಯ ಸಂದಿನಲ್ಲಿ ಇರುವೆ ಗೂಡು ಸಿಕ್ಕಿತು. “ಇರುವೆಯವ್ವಾ, ಹುಲ್ಲಿನ ಬೀಜ ಇದೆಯಾ?”

“ಇದೆ. ಮಕ್ಕಳ ಹೊಟ್ಟೆಗೆ ಇಟ್ಟದ್ದು. ಬದಲಿಗೆ ಏನು ಕೊಡ್ತೀಯ?”

ಹಾಲವ್ವ ಬುತ್ತಿಯ ರೊಟ್ಟಿಯನ್ನೆಲ್ಲ ಪುಡಿಮಾಡಿ ಕೊಟ್ಟಳು. ಒಂದು ಹಿಡಿ ಬೀಜ ಸಿಕ್ಕಿತು.

ಮುಂದೆ ಒಂದು ಮುದಿ ಬೋರೆ ಪೊದೆ. ಅದರ ಮುಳ್ಳಿನ ಒಳಗೆ, ಕುರಿಯ ಬಾಯಿಗೆ ಎಟುಕದ ಜಾಗದಲ್ಲಿ, ಒಂದು ಹುಲ್ಲಿನ ಬುಡ ಬದುಕಿತ್ತು. “ಕೈ ಹಾಕಿ ತೆಗೆದುಕೋ. ಆದರೆ ಅಯ್ಯೋ ಅನ್ನಬಾರದು” ಅಂದಿತು ಬೋರೆ. ಮೊಳಕೈವರೆಗೆ ಗೀರಿತು. ಹಾಲವ್ವ ಬೋರೆಯ ವಂಶವನ್ನೆಲ್ಲ ಬೈದಳು, ಅಯ್ಯೋ ಅಂತ ಮಾತ್ರ ಅನ್ನಲಿಲ್ಲ.

ಆಮೇಲೆ ಕಲ್ಲಾದ ಕೃಷ್ಣಮೃಗ ಸಿಕ್ಕಿತು. “ಕೊಡೋಕೆ ನನ್ನ ಹತ್ತಿರ ಕಣ್ಣೀರು ಬಿಟ್ಟು ಏನಿಲ್ಲ, ತಾಯಿ” ಅಂದಿತು. ಅದನ್ನೇ ಸೋರೆಬುರುಡೆಯಲ್ಲಿ ಹಿಡಿದುಕೊಂಡಳು.

ಅರಮನೆಯ ಅಂಗಳದಲ್ಲಿ ಬೀಜ ಇಟ್ಟಳು. ಹಸುರುಮಲ್ಲ ಊದಿದ, ಬೀಜ ಬೂದಿಯಾಯಿತು. ಹುಲ್ಲಿನ ಬುಡ ಇಟ್ಟಳು. ಊದಿದ, ಒಣಗಿ ಪುಡಿಯಾಯಿತು. ಕಣ್ಣೀರು ತೋರಿಸಿದಳು.

“ನೀರಿಗೆ ಯಾವ ಊರು, ಯಾವ ಗುರುತು?” ಅಂತ ನಕ್ಕ. ಹಾಲವ್ವನ ಕಾಲ್ಬೆರಳು ಬೇರಾಗಿ ನೆಲಕ್ಕೆ ಇಳಿಯಿತು. ತೊಗಟೆ ಮೊಣಕಾಲಿಗೆ ಏರಿತು.

ಹಾಲವ್ವನ ಬಾಯಿಗೆ ಇನ್ನೂ ತೊಗಟೆ ಬಂದಿರಲಿಲ್ಲ. “ಕಾಡು ಬಂದಾಗಿನಿಂದ ಈ ಕಂಬಳಿ ಕೊಡವೋಕೆ ಒಂದು ಗೇಣು ಕಾವಲು ಸಿಗಲಿಲ್ಲ! ಬೆನ್ನೆಲ್ಲ ಚುಚ್ಚಿ ಸಾಯ್ತಿದ್ದೀನಿ. ಈ ಅಂಗಳವೂ ಒಂದು ಕಾಲಕ್ಕೆ ಕಾವಲೇ. ಇಲ್ಲೇ ಕೊಡವಿ ಸಾಯ್ತೀನಿ!” ಅಂತ ಕಂಬಳಿ ಎಳೆದು ಝಾಡಿಸಿದಳು. ಬುರುಡೆ ಉರುಳಿತು. ಉದುರಿದ ಊಬಿನ ಮೇಲೆ ಕೃಷ್ಣಮೃಗದ ಕಣ್ಣೀರು ಚೆಲ್ಲಿತು.

ಒದ್ದೆಯಾದ ಊಬು ಸುಮ್ಮನಿರುತ್ತದಾ? ತಿರುಚಿತು. ಮತ್ತೆ ತಿರುಚಿತು. ಬೈರಿಗೆಯ ಹಾಗೆ ತಿರುಗುತ್ತ ತಿರುಗುತ್ತ ಮೂತಿಯನ್ನು ಮಣ್ಣಿಗೆ ತೂರಿಸಿತು. ಹಸುರುಮಲ್ಲ ಊದಿದ. ಊದಿದಷ್ಟೂ ಅದು ಆಳಕ್ಕೆ ಇಳಿಯಿತು. ಅವನ ಕೆನ್ನೆ ಹರಿಯುವ ಹೊತ್ತಿಗೆ ಅಂಗಳದ ತುಂಬ ಹುಲ್ಲು ಎದ್ದು ನಿಂತಿತ್ತು.

ರಾಜ ಇಳಿದು ಬಂದು ಹುಲ್ಲು ಮುಟ್ಟಿದ. “ಖಾಲಿ ಇರಲಿಲ್ಲ. ನಾನು ನೋಡಿರಲಿಲ್ಲ” ಅಂದ.

ಅಷ್ಟೇ. ಹಸುರುಮಲ್ಲ ಒಂದು ತರಗೆಲೆಯಾದ. ಇರುವೆಗಳು ಎಳೆದುಕೊಂಡು ಹೋದವು. ಕಾಡು ಮಂಜಿನ ಹಾಗೆ ಕರಗಿತು, ಕಲ್ಲಾಗಿದ್ದ ಕೃಷ್ಣಮೃಗಗಳು ಜಿಗಿದವು, ಹಾಲವ್ವನ ಕಾಲಿನ ತೊಗಟೆ ಕಳಚಿತು. ಮರವಾಗಿದ್ದ ಸಿದ್ದಣ್ಣ ಕಣ್ಣು ಬಿಟ್ಟು, “ಕುರಿ ಮೇಯ್ತಾ?” ಅಂದ.

“ಹೆಂಡತಿ ಹೇಗಿದ್ದಾಳೆ ಅಂತ ಕೇಳಲ್ಲ, ಕುರಿ ಮೇಯ್ತಾ ಅಂತೆ! ಮರವಾಗೇ ಇರಬೇಕಿತ್ತು ನೀನು” ಅಂದಳು ಹಾಲವ್ವ. ಅಂದು, ಅವನ ಹೆಗಲಿಗೆ ಕಂಬಳಿ ಹೊದಿಸಿದಳು. ಅವತ್ತಿನಿಂದ ಹೊನ್ನಗಾವಲಿನಲ್ಲಿ ಕುರಿಯ ಹೊಟ್ಟೆ ತುಂಬಿತು, ಕುರುಬರ ಹೊಟ್ಟೆ ತುಂಬಿತು, ನೆಂಟ ಅರಸ ಬಂದಾಗಲೆಲ್ಲ ಅವನ ಪಂಚೆಯ ತುಂಬ ಊಬು ತುಂಬಿತು.

ಮುಗಿಯಿತು. ಈಗ ಕೇಳು, ಏನು ಕೇಳಬೇಕೋ.

“ಅಮ್ಮಾ, ನಮ್ಮ ಬಸ್‌ಸ್ಟ್ಯಾಂಡ್ ಹಿಂದಿನ ಬಯಲನ್ನ ನೀನೂ ಖಾಲಿ ಜಾಗ ಅಂತೀಯಲ್ಲ, ಅಲ್ಲಿ ಏನೇನಿದೆ?”