ಭಾನುವಾರದ ಡಾಕ್ಟ್ರಣ್ಣ

"ಬಂತಾ?"

"ಬಂತು... ಬಂತು... ಅಯ್ಯೋ, ಹೋಯ್ತು ಕಣ್ರೀ!"

ನಾನೂ ಪಂಕಜಾಕ್ಷಿಯೂ ಮೊಟ್ಟಮೊದಲು ಆಡಿದ ಮಾತು ಇದು. ನಾನು ಅಜ್ಜಂಪುರದ ಪಂಚಾಕ್ಷರಪ್ಪನವರ ಮನೆಯ ಹೆಂಚಿನ ಮೇಲೆ ಆಂಟೆನಾದ ಪೈಪು ಹಿಡಿದು ನಿಂತಿದ್ದೆ. ಅವರ ಮಗಳು ಕೆಳಗೆ ಪಡಸಾಲೆಯಲ್ಲಿ ಟೀವಿಯ ಮುಂದೆ ಇದ್ದಳು. ನಾನು ಅವಳ ಮುಖ ನೋಡಿರಲಿಲ್ಲ, ಅವಳು ನನ್ನದು ನೋಡಿರಲಿಲ್ಲ. ಆದರೂ ಆ "ಕಣ್ರೀ" ಬಂದು ನನ್ನ ಕಿವಿಯೊಳಗೆ ಕೂತುಬಿಟ್ಟಿತು.

ಅದು ಎಂಬತ್ತಾರನೇ ಇಸವಿ. ತರೀಕೆರೆ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಟೀವಿ ಬಂದ ಮೇಲೆ ನಾನು ಅಂಗಡಿಯಲ್ಲಿ ಕೂತದ್ದಕ್ಕಿಂತ ಕಂಡವರ ಮನೆಯ ಹೆಂಚಿನ ಮೇಲೆ ಕೂತದ್ದೇ ಹೆಚ್ಚು. ಪಂಚಾಕ್ಷರಪ್ಪನವರು ಈರುಳ್ಳಿ ಮಂಡಿಯ ಯಜಮಾನರು. ಅವರ ಬೀದಿಗೆಲ್ಲ ಅವರದೊಂದೇ ಟೀವಿ. ನನ್ನ ಹೆಸರು ಷಡಕ್ಷರಿ ಎಂದು ಗೊತ್ತಾದ ದಿನವೇ ಅವರು ಏಣಿ ತೋರಿಸಿ, "ನಾನು ಐದಕ್ಷರ, ನೀನು ಆರಕ್ಷರ. ನನಗಿಂತ ಒಂದಕ್ಷರ ಮೇಲಿನೋನು ನೀನು. ಹತ್ತಪ್ಪಾ ಮೇಲಕ್ಕೆ," ಎಂದಿದ್ದರು.

ಆಗಷ್ಟೇ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹೊಸ ಹಿಂದಿ ಧಾರಾವಾಹಿಯೊಂದು ಶುರುವಾಗಿತ್ತು. ಅದರ ಹೆಸರು ಬೀದಿಯಲ್ಲಿ ಯಾರ ನಾಲಿಗೆಗೂ ಹೊರಳದೆ ಎಲ್ಲರೂ "ಭಾನುವಾರದ್ದು" ಎಂದೇ ಕರೆಯುತ್ತಿದ್ದರು. ಬಯಲುಸೀಮೆಯ ಗಾಳಿ ವಾರವಿಡೀ ಆಂಟೆನಾವನ್ನು ಬೇಕಾದ ಕಡೆ ತಿರುಗಿಸಿಡುತ್ತಿತ್ತು. ಹಾಗಾಗಿ ಪ್ರತಿ ಭಾನುವಾರ ಮೊದಲ ಬಸ್ಸಿಗೆ ನನಗೆ ಬುಲಾವು. ಧಾರಾವಾಹಿ ಮುಗಿಯುವವರೆಗೂ ಪೈಪು ಹಿಡಿದು ಕೂರಬೇಕು. ಬೀದಿಯವರೆಲ್ಲ ನನಗೆ "ಆಂಟೆನಾ ಅಣ್ಣ" ಎಂದು ಹೆಸರಿಟ್ಟರು.

ಊರಿಗೆಲ್ಲ ಚಿತ್ರ ತೋರಿಸಿದವನು ನಾನು, ಒಂದು ಚಿತ್ರವನ್ನೂ ನೋಡದವನೂ ನಾನೇ. ನನಗೆ ಕೇಳಿಸುತ್ತಿದ್ದುದು ಪಂಕಜಾಕ್ಷಿಯ ಕನ್ನಡ ಮಾತ್ರ. ಅವಳು ಹಿಂದಿಯಲ್ಲಿ ಎರಡು ಪರೀಕ್ಷೆ ಪಾಸು ಮಾಡಿದ್ದಳು. ಆ ಸರ್ಟಿಫಿಕೇಟಿಗೆ ಅವಳಪ್ಪ ಕಟ್ಟು ಹಾಕಿಸಿ ಟೀವಿಯ ಮೇಲೇ ತೂಗುಹಾಕಿದ್ದರು. ಬೀದಿಯ ಹೆಂಗಸರಿಗೆಲ್ಲ ಕತೆ ಬಿಡಿಸಿ ಹೇಳುವುದು ಅವಳ ಪಾಲಿಗೆ ಬಂದಿತ್ತು.

ಮೊದಲ ವಾರವೇ ಅವಳ ಅಜ್ಜಿ ಗುರುಶಾಂತಮ್ಮ ಕೇಳಿದರು, "ಯಾಕೇ ಅಳ್ತಾಳೆ ಆ ಹುಡ್ಗಿ?"

ಪಂಕಜಾಕ್ಷಿಯ ಉತ್ತರ ಬಂತು, "ಈರುಳ್ಳಿ ಹೆಚ್ಚಿದಾಳಜ್ಜಿ."

"ರೈಲ್ವೆ ಸ್ಟೇಷನ್ನಲ್ಲಾ?"

"ಮನೇಲೇ ಹೆಚ್ಚಿಟ್ಟು ಬಂದಿದಾಳೆ. ಉರಿ ಇನ್ನೂ ಹೋಗಿಲ್ಲ."

ಈರುಳ್ಳಿ ಮಂಡಿಯವರ ಮನೆ. ಮರುಪ್ರಶ್ನೆ ಬರಲಿಲ್ಲ. "ನಮ್ ಕಡೆ ಈರುಳ್ಳೀನೇ ಇರ್ಬೇಕು," ಎಂದು ಪಂಚಾಕ್ಷರಪ್ಪನವರು ಹೆಮ್ಮೆಪಟ್ಟದ್ದೂ ನನಗೆ ಕೇಳಿಸಿತು.

"ಆ ಮೀಸೆಯೋನು ಯಾರು?"

"ಅವಳಣ್ಣ."

ಮೂರನೇ ವಾರ ಕೆಳಗೆ ದೊಡ್ಡ ಗದ್ದಲ. "ಲೇ ಪಂಕಜಾ, ಅಣ್ಣ ಅಂದೆ, ಕೈ ಹಿಡ್ಕಂಡು ಹಾಡು ಹೇಳ್ತಾವ್ನೆ!"

"ನಾಡಿ ನೋಡ್ತಿದಾನಜ್ಜಿ. ಅಣ್ಣ ಡಾಕ್ಟ್ರು."

ಅಲ್ಲಿಂದ ಅವನು ಡಾಕ್ಟ್ರಣ್ಣನಾದ. ಅವನು ತಂಗಿಯನ್ನು ತೋಟಕ್ಕೆ ಕರೆದೊಯ್ದದ್ದು ಗಾಳಿ ಬದಲಾವಣೆಗೆ, ಅವಳ ಕಿವಿಯ ಹತ್ತಿರ ಬಾಗಿದ್ದು ಕಿವಿನೋವು ನೋಡಲಿಕ್ಕೆ. ಇಂಥ ಅಣ್ಣ ಯಾರಿಗುಂಟು ಎಂದು ಬೀದಿಯ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮೇಲೆ ಕೂತ ನನ್ನ ಕಣ್ಣೂ ಒದ್ದೆಯಾಗಿತ್ತು.

ವೈರು ಒಳಗೆ ಬಿಡಲು ನಾನೇ ಒಂದು ಹೆಂಚು ಸರಿಸಿದ್ದೆ. ಆ ಸಂದಿಯಿಂದ ಒಂದು ಗೇಣು ಜಾಗ ಕಾಣುತ್ತಿತ್ತು. ಅಷ್ಟರಲ್ಲಿ ಪಂಕಜಾಕ್ಷಿಯ ಎಡಗಿವಿ, ಕೆಂಪು ಹರಳಿನ ಓಲೆ, ಜಡೆಯ ಮೊದಲ ಎರಡು ಹೆಣಿಗೆ. ಕತೆ ಕಟ್ಟುವಾಗ ಅವಳು ಓಲೆಯನ್ನು ತಿರುವುತ್ತಿದ್ದಳು. ಹೆಚ್ಚು ತಿರುವಿದಷ್ಟೂ ಕತೆ ಚೆನ್ನಾಗಿರುತ್ತಿತ್ತು. ಲೋಕದಲ್ಲಿ ಬೇರೆ ಗಂಡಸರು ಮುಖ ನೋಡಿ ಮರುಳಾಗುತ್ತಾರೆ. ನಾನು ಆರು ಭಾನುವಾರ ಒಂದು ಕಿವಿಗೆ ಮರುಳಾಗಿದ್ದೆ.

ಏಳನೇ ವಾರ ಅವಳು ಕಾಫಿ ಲೋಟ ಹಿಡಿದು ಏಣಿಯ ಬುಡಕ್ಕೆ ಬಂದಳು. ಅವಳಿಗೆ ಎರಡು ಕಣ್ಣೂ ಇದ್ದವು, ಅವೂ ಚೆನ್ನಾಗಿಯೇ ಇದ್ದವು.

"ಹೆಂಚು ಕಾದಿದೆ. ಕಾಲು ಸುಡಲ್ವಾ?" ಎಂದಳು.

"ಸುಡ್ತದೆ."

"ಮತ್ತೆ ಹೆಂಗೆ ಕೂತಿರ್ತೀರಿ?"

"ನಿಮ್ ಡಾಕ್ಟ್ರಣ್ಣನ್ನ ಕರೀರಿ, ಔಷಧಿ ಕೊಡ್ಲಿ."

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅದು ನಗು ಎಂದುಕೊಂಡೆ. ಗಾಬರಿಯೂ ಇತ್ತೆಂದು ಬೀರೂರಿಗೆ ಹೋದಾಗ ತಿಳಿಯಿತು.

ಬೀರೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಮಲ್ಲಿಕಾರ್ಜುನ ಎಂಬ ಕ್ಲರ್ಕು ಹೊಸ ಟೀವಿ ತಂದಿದ್ದರು. ಭೋಪಾಲಿನ ಕಡೆ ಐದು ವರ್ಷ ಇದ್ದು ಬಂದವರು, ಮತ್ತೆ ಅಲ್ಲಿಗೇ ಹೋಗುವವರು, ಇನ್ನೂ ಮದುವೆಯಾಗದವರು. ಗಾಳಿ ಇಲ್ಲದೆ ಅಜ್ಜಂಪುರದಿಂದ ಬುಲಾವು ಬಾರದ ಒಂದು ಭಾನುವಾರ ಅವರ ಆಂಟೆನಾ ಕಟ್ಟಲು ಹೋಗಿದ್ದೆ. ಸುಮ್ಮನೆ ಪೈಪು ನಿಲ್ಲಿಸಿ ಬರಬೇಕಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ. "ಅಜ್ಜಂಪುರದಲ್ಲಿ ಒಬ್ಬ ಹುಡ್ಗಿ ಇದಾಳೆ ಸಾರ್. ಹಿಂದಿ ಅಂದ್ರೆ ನೀರು ಕುಡಿದಂಗೆ," ಎಂದೆ.

"ನಮ್ಮೋರಾ? ಯಾರ ಮನೆ?" ಎಂದು ಅವರು ಪೆನ್ನು ತೆಗೆದರು.

ವಿಳಾಸ ಬರೆಸಿದ ಮೇಲೆ ಚಿತ್ರ ಬಂತು. ನಾನು ಮೊದಲ ಸಲ "ಭಾನುವಾರದ್ದು" ಕಣ್ಣಾರೆ ನೋಡಿದೆ.

"ಓ, ಡಾಕ್ಟ್ರಣ್ಣ!" ಎಂದೆ.

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಅಣ್ಣ ಯಾಕ್ರೀ ಆಗ್ತಾನೆ? ಪ್ರೀತಿ ಮಾಡೋನು. ಪೋಸ್ಟಾಫೀಸಲ್ಲಿದಾನೆ."

ತರೀಕೆರೆಯವರೆಗೂ ಬಸ್ಸಿನಲ್ಲಿ ಒಬ್ಬನೇ ನಕ್ಕೆ. ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು.

ಮುಂದಿನ ಭಾನುವಾರ ಕಾಫಿ ಬಂದಾಗ ಮೆಲ್ಲಗೆ ಕೇಳಿದೆ, "ಡಾಕ್ಟ್ರು ಪೋಸ್ಟಾಫೀಸಿಗೆ ಯಾವಾಗ ಸೇರಿದ್ರು?"

ಅವಳ ಮುಖ ಬಾಡಿತು. "ಅಕ್ಷರ ಓದಕ್ಕೆ ಬತ್ತದೆ ಕಣ್ರೀ, ಅಷ್ಟು ಜೋರಾಗಿ ಮಾತಾಡಿದ್ರೆ ಹಿಡಿಯಕ್ಕಾಗಲ್ಲ. ಮೊದಲ್ನೇ ದಿನ ಗೊತ್ತಿಲ್ಲ ಅನ್ನಕ್ಕೆ ನಾಚಿಕೆ ಆಯ್ತು. ಆಮೇಲೆ ಅಜ್ಜಿ ಅಷ್ಟು ಇಷ್ಟಪಟ್ಟು ಕೇಳ್ತಿತ್ತು... ಹೇಳ್ಬಿಡ್ತೀರಾ?"

"ನಾನ್ಯಾಕೆ ಹೇಳ್ಲಿ? ನಂಗೆ ನಿಮ್ ಕತೇನೇ ಇಷ್ಟ."

ಅವಳು ನನ್ನನ್ನೇ ನೋಡಿದಳು, ಓಲೆ ತಿರುವಿದಳು. ಕತೆ ಹೇಳದೆಯೂ ಓಲೆ ತಿರುವಿದ್ದು ಅದೇ ಮೊದಲು.

ಆಮೇಲೆ ಬಂತು ನನ್ನ ಬಾಯಿಯ ಫಲ. ಹತ್ತನೇ ಭಾನುವಾರ ಮಲ್ಲಿಕಾರ್ಜುನ ಅವರು ತಾಯಿಯೊಡನೆ ಹೆಣ್ಣು ನೋಡಲು ಬರುವವರಿದ್ದರು. ಭೋಪಾಲಿನಲ್ಲಿ ಸಂಸಾರ ಹೂಡಲು ಹಿಂದಿ ಬರುವ ಹುಡುಗಿಯೇ ಬೇಕಂತೆ. "ಹತ್ತು ಗಂಟೆಗೇ ಬರ್ಲಿ. ನಮ್ ಹುಡ್ಗಿ ಟೀವಿ ಮುಂದೆ ಕೂತು ಗಡಗಡ ಕನ್ನಡ ಮಾಡ್ತಾಳೆ, ಕಣ್ಣಾರೆ ನೋಡ್ಲಿ," ಎಂದು ಪಂಚಾಕ್ಷರಪ್ಪನವರು ಬೀದಿಗೆಲ್ಲ ಸಾರಿದ್ದರು.

ನಾನು ಏಣಿ ಹತ್ತುವಾಗ ಪಂಕಜಾಕ್ಷಿ ರೇಷ್ಮೆ ಸೀರೆಯಲ್ಲಿ ಬಂದು, "ಇವತ್ತು ಎಲ್ಲಾ ನಿಮ್ ಕೈಲಿದೆ ಕಣ್ರೀ," ಎಂದಷ್ಟೇ ಹೇಳಿ ಹೋದಳು.

ಪೈಪು ಹಿಡಿದು ಯೋಚಿಸಿದೆ. ಚಿತ್ರ ನೆಟ್ಟಗೆ ಬಂದರೆ ಅವಳ ಹಿಂದಿ ಬಯಲಾಗುತ್ತದೆ, ಸಂಬಂಧ ಮುರಿಯುತ್ತದೆ, ಅವಳು ಅಜ್ಜಂಪುರದಲ್ಲೇ ಉಳಿಯುತ್ತಾಳೆ. ನನಗೆ ಬೇಕಾದದ್ದು ಅದೇ. ಚಿತ್ರ ಕೆಡಿಸಿದರೆ ಅವಳ ಮಾನ ಉಳಿಯುತ್ತದೆ, ಅವಳು ಭೋಪಾಲಿಗೆ ಹೋಗುತ್ತಾಳೆ. ಆದರೆ ಬೀದಿಯವರೆಲ್ಲ ಅವಳನ್ನು ನೋಡಿ ನಗುವುದನ್ನು ಹೆಂಚಿನ ಸಂದಿಯಿಂದ ನೋಡಲು ನನ್ನಿಂದಾಗುತ್ತಿರಲಿಲ್ಲ.

ಕೆಳಗೆ ಅಜ್ಜಿಯ ದನಿ ಬಂತು. "ಅಗೋ, ಡಾಕ್ಟ್ರಣ್ಣ ಬಂದ!"

ಪೈಪನ್ನು ಗರ್ರನೆ ತಿರುಗಿಸಿಬಿಟ್ಟೆ.

"ಹೋಯ್ತು! ಏನಯ್ಯಾ ಷಡಕ್ಷರಿ?" ಎಂದು ಪಂಚಾಕ್ಷರಪ್ಪನವರು ಕೂಗಿದರು.

"ಗಾಳಿ, ಯಜಮಾನ್ರೇ!"

ಎದುರಿನ ತೆಂಗಿನ ಮರದಲ್ಲಿ ಒಂದು ಗರಿಯೂ ಅಲುಗುತ್ತಿರಲಿಲ್ಲ. ಹೆಂಚಿನ ಸಂದಿಯಿಂದ ಕಿವಿ ಮಾಯವಾಗಿ ಎರಡು ಕಣ್ಣು ಕಾಣಿಸಿದವು. ಅವು ಕೆಂಡವಾಗಿದ್ದವು.

"ರೀ, ಮೊದ್ಲಿದ್ದ ಕಡೆ ತಿರುಗ್ಸಿ!"

"ಬೇಡ ಕಣ್ರೀ!" ಎಂದೆ ಗುಟ್ಟಾಗಿ.

"ತಿರುಗ್ಸಿ ಅಂದೆ!"

ಮನಸ್ಸಿಲ್ಲದೆ ತಿರುಗಿಸಿದೆ. "ಬಂತು!" ಎಂದು ಅವಳು ಬೀದಿಗೇ ಕೇಳುವಂತೆ ಕೂಗಿ, ಯಾರೂ ಕೇಳುವ ಮೊದಲೇ ಶುರು ಮಾಡಿದಳು. "ನೋಡಿ, ಡಾಕ್ಟ್ರಣ್ಣ ತಂಗಿ ತಲೆಗೆ ಔಷಧಿ ಹಚ್ತಿದಾನೆ. ಕೆಂಪು ಪುಡಿ. ತಲೆನೋವಿಗೆ."

ಮಲ್ಲಿಕಾರ್ಜುನ ಅವರ ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆ ಅಲುಗಿದ ಸದ್ದು ನನಗೂ ಕೇಳಿಸಿತು. "ರೀ, ಅದು ಸಿಂಧೂರ! ಆ ಕಡೆ ಬೈತಲೆಗೆ ಅದನ್ನ ಇಟ್ರೆ ತಾಳಿ ಕಟ್ಟಿದಂಗೆ. ಮದುವೆ ಆಗ್ತಿದಾರೆ!"

"ಶಿವ ಶಿವಾ! ಅಣ್ಣನ್ನೇ?" ಎಂದು ಹೆಂಗಸರೆಲ್ಲ ಒಟ್ಟಿಗೆ ಕೂಗಿದರು.

ಮಲ್ಲಿಕಾರ್ಜುನ ಅವರು ಒಳ್ಳೆಯ ಮನುಷ್ಯರು. ಉಪ್ಪಿಟ್ಟು ಪೂರ್ತಿ ತಿಂದು, ಮನಸಾರೆ ನಕ್ಕು, ಕೈಮುಗಿದು ಮುಂದಿನ ರೈಲಿಗೆ ಹೊರಟರು. ಪಂಚಾಕ್ಷರಪ್ಪನವರು ಅಂಗಳಕ್ಕೆ ಬಂದು ಗುಡುಗಿದರು, "ಏಯ್ ಆರಕ್ಷರ, ಕೆಳಗಿಳಿ! ನಿಂಗೂ ಗೊತ್ತಿತ್ತಾ?"

"ಗೊತ್ತಿತ್ತು."

"ಯಾಕೆ ಹೇಳ್ಲಿಲ್ಲ?"

ನಾನು ಏಣಿ ಇಳಿಯತೊಡಗಿದೆ. ಒಳಗಿಂದ ಗುರುಶಾಂತಮ್ಮನವರೇ ಮಗನಿಗೆ ಉತ್ತರ ಕೊಟ್ಟರು. "ಗಾಳಿ ಇಲ್ದೆ ಆಂಟೆನಾ ತಿರುಗ್ತಲ್ಲೋ, ಅದು ಹೇಳ್ತಲ್ಲ ನಿಂಗೆ. ಹುಡುಗ ಬಿಸಿಲಲ್ಲಿ ಬೆಂದವ್ನೆ, ಊಟಕ್ಕೆ ಕೂರ್ಸು."

ಯಜಮಾನರು ನನ್ನನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದರು. "ಕಾಲು ತೊಳ್ಕೋ," ಎಂದು ಒಳಗೆ ಹೋದರು.

ನೀರಿನ ಚೊಂಬು ತಂದವಳು ಪಂಕಜಾಕ್ಷಿ.

"ನಿಮ್ ಮಾನ ಉಳೀಲಿ ಅಂತ ಕೆಡಿಸ್ದೆ," ಎಂದೆ.

"ಕೆಡಿಸಿ ಅಂತ ಯಾರು ಹೇಳಿದ್ರು? ಚೆನ್ನಾಗಿ ಬರ್ಲಿ, ಅವರು ಎದ್ದು ಹೋಗ್ಲಿ ಅಂತ ನಾನಿದ್ರೆ, ನೀವು ನನ್ನ ಭೋಪಾಲಿಗೆ ಕಳ್ಸಕ್ಕೆ ಹೊರಟಿದ್ರಿ!"

"ನಂಗೇನು ಗೊತ್ತು?"

"ಗೊತ್ತಾಗ್ಬೇಕಿತ್ತು," ಎಂದಳು. ದನಿ ಸಣ್ಣದಾಗಿತ್ತು, ಓಲೆ ಗಿರಗಿರ ತಿರುಗುತ್ತಿತ್ತು. "ಟೀವೀಲಿ ಕಂಡ ಗಂಡಸ್ರನ್ನೆಲ್ಲ ಅಣ್ಣ ಮಾಡ್ದೆ. ಬೀದಿಯೋರೆಲ್ಲ ನಿಮ್ಮನ್ನ ಆಂಟೆನಾ ಅಣ್ಣ ಅಂತಾರೆ. ನಾನು ಒಂದ್ ದಿನ ಅಂದಿದೀನಾ?"

ಚೊಂಬು ಹಿಡಿದು ನಿಂತೇ ಅಷ್ಟೂ ಭಾನುವಾರಗಳನ್ನು ನೆನೆಸಿಕೊಂಡೆ. ಬಂತು ಕಣ್ರೀ. ಹೋಯ್ತು ಕಣ್ರೀ. ಒಮ್ಮೆಯೂ ಇಲ್ಲ. ನೀರು ನನ್ನ ಕಾಲಿನ ಮೇಲೆ ಸುರಿದು ಹೋದದ್ದು ತಿಳಿಯಲಿಲ್ಲ.

ಒಳಗಿಂದ ಅಜ್ಜಿ ನಗುತ್ತಾ ಕೂಗಿದರು, "ಪಂಕಜಾ, ನಿನ್ ಆಂಟೆನಾಕ್ಕೆ ಚಿತ್ರ ಬಂತೇನೇ?"

ಅವಳು ನನ್ನ ಮುಖದಿಂದ ಕಣ್ಣು ತೆಗೆಯದೆ ಹೇಳಿದಳು, "ಈಗ ಬಂತಜ್ಜಿ."