ಖಾಲಿ ಮರಳಿಸಬಾರದ ತಟ್ಟೆ

ಹುರಿದ ಎಳ್ಳು, ಏಲಕ್ಕಿ, ಕೊಬ್ಬರಿ ಎಣ್ಣೆಯಲ್ಲಿ ಕರಿದ ಹಿಟ್ಟು. ಈ ಮೂರರ ವಾಸನೆ ಕೂಡಿ ಬಂದರೆ ಫೌಜದಾರ ಅಂದಾನಪ್ಪನಿಗೆ ಶಿರಸಿಯ ತನ್ನ ಬಾಲ್ಯದ ಮನೆಯ ಹಿತ್ತಿಲ ಬಾಗಿಲು ನೆನಪಾಗುತ್ತಿತ್ತು. ನಾತಾಳಕ್ಕೆ, ಅಂದರೆ ಕ್ರಿಸ್‌ಮಸ್ ಹಬ್ಬಕ್ಕೆ, ಪಕ್ಕದ ಕ್ರಿಸ್ತುವರ ಮನೆಯಿಂದ ಕರ್ಜಿಕಾಯಿಯಂಥ ಸಿಹಿ ನೆವ್ರಿಯ ತಟ್ಟೆ ಆ ಬಾಗಿಲಿಗೇ ಬರುತ್ತಿತ್ತು, ಮೇಲೊಂದು ಹೆಣಿಗೆಯ ಬಟ್ಟೆ ಮುಚ್ಚಿಕೊಂಡು. ಅವ್ವ ಗಿರಿಜವ್ವ ಆ ತಟ್ಟೆಯನ್ನು ಎಂದೂ ಖಾಲಿ ಮರಳಿಸಿದವಳಲ್ಲ. ಏನೂ ಇಲ್ಲದ ದಿನ ಒಂದು ಅಚ್ಚು ಬೆಲ್ಲವನ್ನಾದರೂ ಇಟ್ಟು ಕಳಿಸುವಳು.

ಅಂಥದೇ ತಟ್ಟೆಯೊಂದು 1961ರ ಡಿಸೆಂಬರ್ 23ರ ಬೆಳಿಗ್ಗೆ ಯಲ್ಲಾಪುರ ಠಾಣೆಯ ಮೇಜಿನ ಮೇಲೆ ಕೂತಿತ್ತು, ಕಳವಿನ ಸಾಕ್ಷ್ಯವಾಗಿ. ತಂದವನು ಇಗರ್ಜಿಯ, ಅಂದರೆ ಚರ್ಚಿನ, ಕಾರಭಾರಿ ಬಸ್ತ್ಯಾಂವ್.

"ಹಬ್ಬದ ದಿನ ಬಡವರಿಗೆ ಕೊಡ್ಲಿಕ್ಕೆ ತರಿಸಿದ ಕಂಬಳಿ, ಸಾಹೇಬ್ರೆ. ಒಂದು ಇಲ್ಲ. ಆ ಜಾಗದಲ್ಲಿ ಈ ತಟ್ಟೆ ಉಂಟು."

"ಬೀಗ ಒಡದಾರೇನ್ರಿ?" ಅಂದಾನಪ್ಪ ಕೇಳಿದ.

"ಇಲ್ಲ."

"ಯಾರ ಮ್ಯಾಲ ಗುಮಾನಿ?"

"ಲಾರಿಯ ಅಖ್ತರ್. ಹುಬ್ಬಳ್ಳಿಯಿಂದ ತಂದು ಒಳಗೆ ಇಳಿಸಿದವ ಅವನೇ."

"ಕಳ್ಳ ತಟ್ಟಿ ತುಂಬ ನೆವ್ರಿ ಬಿಟ್ಟು ಹೋಗ್ತಾನೇನು?"

"ತಿನ್ಲಿಕ್ಕೆ ತಂದಿರ್ತಾನೆ. ಗಡಿಬಿಡಿಯಲ್ಲಿ ಮರೆತ."

"ಕಳವಿಗೆ ಹೊರಟವ ಫಳಾರ ಕಟ್ಕೊಂಡು ಬರ್ತಾನಾ ಮಾರಾಯ್ರೆ?" ಎಂದ ಹವಾಲ್ದಾರ ಮಂಜಪ್ಪ.

ಬಸ್ತ್ಯಾಂವ್ ನಗಲಿಲ್ಲ. ಎಫ್.ಐ.ಆರ್. ದಾಖಲಾಯಿತು. ಅಖ್ತರನನ್ನು ಕರೆಸಿ ಠಾಣೆಯ ಬೆಂಚಿನ ಮೇಲೆ ಕೂರಿಸಿದರು. ಮಂಜಪ್ಪ ಅವನಿಗೆ ಚಹಾ ತರಿಸಿಕೊಟ್ಟ.

ಇಗರ್ಜಿಯಲ್ಲಿ ಕಂಬಳಿಗಳಿದ್ದ ಕೋಣೆ ಪೂಜೆಯ ಪೀಠವಾದ ಅಲ್ತಾರಿನ ಹಿಂದಿತ್ತು. ಬೀಗದ ಕೈ ಗೋಡೆಯ ಮೊಳೆಗೆ ತೂಗುತ್ತಿತ್ತು. ಜಾಗ ಗೊತ್ತಿದ್ದವರು ಯಾರಾದರೂ ತೆಗೆಯಬಹುದು. ಹೊರಬರುವಾಗ ಅಂದಾನಪ್ಪ ಅಲ್ತಾರಿನ ಹಾಸಿನ ಅಂಚು ನೋಡಿದ. ದಾರದಲ್ಲಿ ಹೆಣೆದ ದ್ರಾಕ್ಷಿಗೊಂಚಲು. ತಟ್ಟೆಯ ಮೇಲಿನ ಬಟ್ಟೆಯಲ್ಲೂ ಅದೇ ಗೊಂಚಲು, ಅದೇ ಕೈ.

"ಪಾದ್ರಿಯವರ, ಈ ಹೆಣಿಕಿ ಯಾರದ್ರಿ?"

ಆಗಷ್ಟೇ ಮಾಗೋಡಿನ ಕಡೆಯಿಂದ ಬಂದಿದ್ದ ಪಾದ್ರಿ ಹಾಸಿನ ಅಂಚನ್ನು ಮುಟ್ಟಿ ನೋಡಿದರು. "ನಾನು ಊರಲ್ಲಿದ್ದಿದ್ದರೆ ಬಸ್ತ್ಯಾಂವ್ ನಿಮ್ಮಲ್ಲಿಗೆ ಬರುತ್ತಿರಲಿಲ್ಲ. ಇದು ಪಿಯೆದಾದ್ ಬಾಯಿಯದು. ಈ ಹಾಸು ಒಗೆಯುವವರೂ ಅವರೇ. ಆದರೆ ಒಂದು ಕಂಬಳಿ ಅವರಿಗೇ ಅಂತ ಇಟ್ಟಿದ್ದೆವಲ್ಲ!"

ತನಗೇ ಬರುವ ಕಂಬಳಿಯನ್ನು ಯಾರಾದರೂ ಕದಿಯುತ್ತಾರೆಯೇ?

ಪಿಯೆದಾದ್ ಬಾಯಿ ವಿಧವೆ, ಎಪ್ಪತ್ತರ ಮೇಲಿನ ಜೀವ. ಕೆಮ್ಮುತ್ತಲೇ ಬಾಗಿಲು ತೆಗೆದರು. ಕಂಬಳಿ ಮಂಚದ ಮೇಲೆಯೇ ಇತ್ತು.

"ತಂದವರು ನೀವೇನ್ರಿ ಬಾಯಿ?"

"ಹೌದು. ಒಳಗೆ ಬನ್ನಿ, ಚಳಿ ಉಂಟು."

"ನಾಡಿದ್ದು ಸಿಗತಿತ್ತಲ್ರಿ."

"ಸಿಗ್ತಿತ್ತು, ಹೆಸರು ಕೂಗಿ." ಬಾಯಿ ಕಂಬಳಿಯ ಅಂಚು ಸವರಿದರು. "ಪೂಜೆ ಮುಗಿದ ಮೇಲೆ ಬಾಲಯೇಸುವಿನ ಗೋದಲಿಯ ಹತ್ತಿರ ನಿಂತು ಒಬ್ಬೊಬ್ಬರ ಹೆಸರು ಕೂಗಿ ಹೊದಿಸ್ತಾರೆ. ನಮ್ಮವರು ಕಾರಭಾರಿ ಆಗಿದ್ದಾಗ ಕೂಗ್ತಿದ್ದದ್ದು ಅವರೇ, ಮಡಚಿ ಕೊಡ್ತಿದ್ದದ್ದು ನಾನು. ಬಂದವರು ತಲೆ ತಗ್ಗಿಸ್ತಿದ್ರು. ಭಕ್ತಿ ಅಂದ್ಕೊಂಡಿದ್ದೆ."

"ಕೂಗಬ್ಯಾಡ್ರಿ ಅಂತ ಹೇಳಬೇಕಿತ್ತು."

"ಹೇಳಿದೆ. 'ಎಲ್ಲರಿಗೂ ಒಂದೇ ಪದ್ಧತಿ ಬಾಯಿ' ಅಂದ ಬಸ್ತ್ಯಾಂವ್."

"ಮತ್ತ ತಟ್ಟಿ?"

"ಬರಿಗೈಯಲ್ಲಿ ಹೋಗಿ ಹೇಗೆ ತರೋದು?"

ಕಾಯಿದೆಯಂತೆ ಜಪ್ತಿ ಪಂಚನಾಮೆಗೆ ಇಬ್ಬರು ಪಂಚರು ಬೇಕು. ಬೀದಿಯವರನ್ನು ಕರೆದರೆ ಊರಿಡೀ ಹೆಸರು ಕೂಗಿದಂತೆಯೇ ಸರಿ. ಅಂದಾನಪ್ಪ ಜೊತೆಗೆ ಬಂದಿದ್ದ ಪಾದ್ರಿಯವರನ್ನು ಒಬ್ಬ ಪಂಚನೆಂದು ನಿಲ್ಲಿಸಿ, ಇನ್ನೊಬ್ಬನನ್ನು ಕರೆತರಲು ಮಂಜಪ್ಪನನ್ನು ಠಾಣೆಗೆ ಕಳಿಸಿದ. ಬಂದವನು ಅಖ್ತರ್.

"ಮುಂಜಾನೆ ಕಳ್ಳ, ಮಧ್ಯಾಹ್ನ ಪಂಚ. ಸಂಜೀಕ ಫೌಜದಾರ ಮಾಡ್ತೀರೇನ್ರಿ ಸಾಹೇಬ್ರ?" ಎನ್ನುತ್ತ ಒಳಗೆ ಬಂದವನು ಬಾಯಿಯನ್ನು ಕಂಡು ದನಿ ತಗ್ಗಿಸಿದ. ಸಹಿ ಹಾಕಿ, "ಬಾಯಿ, ಈ ಮಾತು ನನ್ನ ಲಾರಿ ಹತ್ತೂದಿಲ್ಲ" ಎಂದ.

ಮಧ್ಯಾಹ್ನ ಮೂರಕ್ಕೆ ದಸ್ತಗಿರಿ. ಠಾಣೆಯಲ್ಲಿ ಮಂಜಪ್ಪ ತನ್ನ ಕುರ್ಚಿಯನ್ನು ಬಿಸಿಲು ಬೀಳುವ ಕಿಟಕಿಗೆ ಎಳೆದು ಬಾಯಿಯನ್ನು ಕೂರಿಸಿದ. ಕಂಬಳಿ ಗುರುತಿಸಲು ಬಂದ ಬಸ್ತ್ಯಾಂವ್ ಬಾಗಿಲಲ್ಲೇ ನಿಂತುಬಿಟ್ಟ.

"ಫಿರ್ಯಾದಿ ವಾಪಸ್ ತಗೊಳ್ತೇನೆ, ಸಾಹೇಬ್ರೆ."

"ಅದನ್ನ ಶಿರಸಿ ಕೋರ್ಟಿನ್ಯಾಗ ಹೇಳ್ರಿ."

ಪಾದ್ರಿಯವರ ಜಾಮೀನಿನ ಮೇಲೆ ಬಾಯಿ ಸಂಜೆಗೆ ಮನೆ ಸೇರಿದರು. ಕೇಸ್ ಡೈರಿಯಲ್ಲಿ ಅಂದಾನಪ್ಪ ಬರೆದ: 'ಕೃತ್ಯಕ್ಕೆ ಕಾರಣ: ಚಳಿ, ಮತ್ತು ಹೆಸರು ಕೂಗುವ ಪದ್ಧತಿ.'

ಆ ನಾತಾಳದಂದು ಇಗರ್ಜಿಯಲ್ಲಿ ಯಾರ ಹೆಸರನ್ನೂ ಕೂಗಲಿಲ್ಲ. ಕಂಬಳಿಗಳನ್ನು ಮೊಗಸಾಲೆಯ ಬೆಂಚಿನ ಮೇಲೆ ಇಟ್ಟಿದ್ದರು. ಬೆಂಚು ಬರಿದಾಗುವವರೆಗೆ ಬಸ್ತ್ಯಾಂವ್ ಅದಕ್ಕೆ ಬೆನ್ನು ಹಾಕಿ ಗೋದಲಿಯನ್ನೇ ನೋಡುತ್ತ ನಿಂತಿದ್ದನಂತೆ.

ಕೋರ್ಟಿನಲ್ಲಿ ರಾಜಿಯಾಗಿ, ಜಪ್ತಿಯಾಗಿದ್ದ ಮುದ್ದೆಮಾಲು ಬಿಡುಗಡೆಯಾಯಿತು. ಕಂಬಳಿಯನ್ನು ಪಾದ್ರಿಯವರೇ ಬಾಯಿಗೆ ತಲುಪಿಸಿದರು. ತಟ್ಟೆ ಉಳಿಯಿತು. ಅದನ್ನು ಅಂದಾನಪ್ಪ ಮನೆಗೆ ಒಯ್ದು ಹೆಂಡತಿ ಅನ್ನಪೂರ್ಣವ್ವನ ಕೈಗೆ ಕೊಟ್ಟ. ಆಕೆ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಇಟ್ಟು, ದ್ರಾಕ್ಷಿಗೊಂಚಲಿನ ಬಟ್ಟೆ ಮುಚ್ಚಿದಳು.

ಅಂದಾನಪ್ಪ ಬಾಯಿಯ ಮನೆಯ ಹಿತ್ತಿಲ ಬಾಗಿಲಿಗೆ ಹೋದ. ಹೆಸರು ಕೂಗಲಿಲ್ಲ, ಚಿಲಕವನ್ನು ಮೆಲ್ಲಗೆ ಬಡಿದ. ಕಂಬಳಿ ಹೊದ್ದ ಬಾಯಿ ಬಾಗಿಲು ತೆರೆದರು. ಅವನು ಎರಡೂ ಕೈಯಿಂದ ತಟ್ಟೆಯನ್ನು ಮುಂದೆ ಹಿಡಿದ.