ಅಂಗೈ ಒತ್ತಿದ ಬಟ್ಟಲು

ಹಳೆಯ ಚೀನಾ ಪಿಂಗಾಣಿಗೆ ಬೆಲೆ ಕಟ್ಟಿ ಕೊಳ್ಳುವುದು ನನ್ನ ಕೆಲಸ. ದೆವ್ವಗಿವ್ವ ನಂಬುವವನಲ್ಲ, ನಡೆದದ್ದನ್ನಷ್ಟೇ ಹೇಳುತ್ತೇನೆ.

ಸೀಳಿಲ್ಲದ ಬಟ್ಟಲನ್ನು ಬೆರಳ ತುದಿಗಳ ಮೇಲಿಟ್ಟು ಅಂಚಿಗೆ ಉಗುರಿನಿಂದ ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ. ಅಂಗೈಯಿಂದ ಒತ್ತಿ ಹಿಡಿದರೆ ಎಂಥ ಬಟ್ಟಲೂ ಮೂಕ. ಗಿರಾಕಿಗಳಿಗೆ ಇದು ಗೊತ್ತಿರುವುದಿಲ್ಲ.

ಒಂದು ಮಧ್ಯಾಹ್ನ ಅಜ್ಜಿಯೊಬ್ಬಳು ಗಂಡನ ಆಸ್ಪತ್ರೆ ಖರ್ಚಿಗೆಂದು ನೀಲಿ ಮೀನುಗಳ ಬಟ್ಟಲೊಂದನ್ನು ಮಾರಲು ತಂದಳು. ಮುನ್ನೂರು ವರ್ಷದ ಅಪ್ಪಟ ಮಾಲು. ನಾನು ಒತ್ತಿ ಹಿಡಿದು ತಟ್ಟಿದೆ. ಟಕ್ ಎಂದಿತು.

"ಒಳಗೆ ಸೀಳು ಬಿಟ್ಟಿದೆ ಅಜ್ಜೀ."

"ಮನೇಲಿ ಚೆನ್ನಾಗಿ ನಾದ ಬರ್ತಿತ್ತಲ್ಲಪ್ಪಾ?"

"ನಿಮ್ಮ ಕಿವಿಗೂ ಇದರಷ್ಟೇ ವಯಸ್ಸಾಗಿದೆ," ಎಂದು ನಕ್ಕೆ.

ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಕೊಟ್ಟಷ್ಟನ್ನು ಹಿಡಿದುಕೊಂಡು ಮೆಟ್ಟಿಲಿಳಿದಳು.

ಆಮೇಲೆ ಬೆರಳ ತುದಿಯಲ್ಲಿಟ್ಟು ತಟ್ಟಿದೆ. ಟಕ್. ದೀಪಕ್ಕೆ ಹಿಡಿದು ನೋಡಿದೆ, ಕೂದಲೆಳೆಯಷ್ಟೂ ಸೀಳಿಲ್ಲ. ಆದರೆ ತಣ್ಣಗಿರಬೇಕಾದ ಬಟ್ಟಲು, ಯಾರೋ ಬಹಳ ಹೊತ್ತು ಹಿಡಿದುಕೊಂಡಿದ್ದಂತೆ ಬೆಚ್ಚಗಿತ್ತು. ಮನೆಗೆ ಒಯ್ದೆ. ವಾರವಿಡೀ ಅದೇ ಟಕ್, ಅದೇ ಬಿಸುಪು.

ಎಂಟನೇ ದಿನ ಬೆಳಿಗ್ಗೆ ಕಪಾಟು ತೆರೆದಾಗ ಬಟ್ಟಲು ತಣ್ಣಗಾಗಿತ್ತು. ತಟ್ಟಿದೆ. ಎಂಥ ನಾದ! ಖುಷಿಯಲ್ಲಿ ಮಗಳನ್ನು ಕೂಗಿದೆ. ಐದು ವರ್ಷದವಳು ಬಾಗಿಲಲ್ಲಿ ಬಂದು ನಿಂತು ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ದನಿ ಬರಲಿಲ್ಲ. ಮುಟ್ಟಿ ನೋಡಿದೆ. ಮೈಯೆಲ್ಲ ತಣ್ಣಗಿತ್ತು, ಕುತ್ತಿಗೆಯ ಸುತ್ತ ಅಂಗೈಯಗಲ ಮಾತ್ರ ಬೆಚ್ಚಗಿತ್ತು.

ಡಾಕ್ಟರು ಟಾರ್ಚ್ ಹಾಕಿ ಅವಳ ಗಂಟಲನ್ನು ತುಂಬ ಹೊತ್ತು ನೋಡಿದರು.

"ಒಳಗೆ ಏನೂ ತೊಂದ್ರೆ ಇಲ್ವಲ್ರೀ," ಎಂದರು.